ಕನ್ಯಾಸ್ತ್ರೀಯರ ಚೀಟಿ ಅಂಟಿಸಿದ ರೆಕಾರ್ಡು

ಬೆಲ್ಮೀರೊನ ಸ್ಪೀಕರ್ ಪೆಟ್ಟಿಗೆಗಳು ಗುಡುಗಿದ ಭಾನುವಾರ ನಮ್ಮ ರೋಶಾ ಮಿರಾಂಡ ಬಡಾವಣೆಯ ಕೋಳಿಗಳು ಸೋಮವಾರ ಇಡಬೇಕಾದ ಮೊಟ್ಟೆಯನ್ನು ಅಂದೇ ಇಟ್ಟುಬಿಡುತ್ತಿದ್ದವು. ಇದನ್ನು ನಂಬದವರಿದ್ದಾರೆ. ಅವರಾರೂ ಆ ಕಾಲದಲ್ಲಿ ನಮ್ಮ ಬೀದಿಯಲ್ಲಿ ಕೋಳಿ ಸಾಕಿದವರಲ್ಲ.

ಪೆಟ್ಟಿಗೆಗಳು ಒಟ್ಟು ಎಂಟು, ಒಂದೊಂದೂ ಆಳೆತ್ತರ. ಬೆಲ್ಮೀರೊ ರೈಲ್ವೆ ಬೋಗಿಗಳನ್ನು ರಿಪೇರಿ ಮಾಡುವ ಕಾರ್ಖಾನೆಯಲ್ಲಿ ಬಡಗಿ. ಮುರಿದ ಸೀಟುಗಳಿಂದ ಬಿಚ್ಚಿ ಎಸೆದ ಹಲಗೆಗಳನ್ನು ಮೂರು ವರ್ಷ ಹೆಗಲ ಮೇಲೆ ಹೊತ್ತು ತಂದು ಅವನ್ನು ಕಟ್ಟಿದ್ದ. ಆದ್ದರಿಂದಲೇ ಜೋರಾಗಿ ಹಾಡು ಹಚ್ಚಿದರೆ ಆ ಪೆಟ್ಟಿಗೆಗಳಿಂದ ಸೆಂಟ್ರಲ್ ಲೈನಿನ ಮೂರನೇ ದರ್ಜೆಯ ಬೆವರಿನ ವಾಸನೆ ಬರುತ್ತಿತ್ತು ಎಂದು ಹೇಳುವವರುಂಟು. ವಾರದ ಆರು ದಿನ ಅವನನ್ನು ಮೇಸ್ತ್ರಿಗಳು ಹೆಸರು ಹಿಡಿದು ಕರೆದದ್ದಿಲ್ಲ. "ಏಯ್ ಉಳಿ," "ಏಯ್ ಮೊಳೆ" ಎಂದೇ ಕೂಗುತ್ತಿದ್ದರು. ಏಳನೆಯ ದಿನ ಮಧ್ಯಾಹ್ನ ಮೂರಕ್ಕೆ ಎಸ್ತ್ರೇಲಾ ಕ್ಲಬ್ಬಿನ ಹಾಲಿನಲ್ಲಿ, ರೆಕಾರ್ಡು ತಿರುಗಿಸುವ ಎರಡು ತಿರುಗುಮಣೆಗಳ ಹಿಂದೆ ನಿಂತು ಅವನು ಒಂದು ಬೆರಳೆತ್ತಿದರೆ ಸಾಕು, ಬುಟ್ಟಿಯಷ್ಟು ಕೂದಲು ಬಿಟ್ಟ, ಗೇಣೆತ್ತರದ ಹಿಮ್ಮಡಿಯ ಬೂಟು ತೊಟ್ಟ ಆರುನೂರು ಜನ ಉಸಿರು ಹಿಡಿದು ನಿಲ್ಲುತ್ತಿದ್ದರು. ಆ ಆರುನೂರರಲ್ಲಿ ಮುನ್ನೂರು ಜನ ಅವನ ಹಾಗೆಯೇ ಆರು ದಿನ ಹೆಸರಿಲ್ಲದವರು.

ಆ ಬೆರಳನ್ನು ಇನ್ನು ಎತ್ತುವ ಹಾಗಿಲ್ಲ ಎಂದು ಅವನಿಗೆ ತಿಳಿದದ್ದು ಎಪ್ಪತ್ತೇಳರ ಜನವರಿಯ ಒಂದು ಗುರುವಾರ ಸಂಜೆ, ಕ್ಲಬ್ಬಿನ ಜಗಲಿಯಲ್ಲಿ. ತಿಳಿಸಿದವರು ಸ್ವತಃ ಅವನ ಮಾವ.

ಮಾವ ಎಂದರೆ ಜುವೆನಾಲ್ ಮೇಷ್ಟ್ರು. ಪಾಠ ಹೇಳುವ ಮೇಷ್ಟ್ರಲ್ಲ. ನಮ್ಮ ಸಾಂಬಾ ಮೇಳದ ಡೋಲಿನವರಿಗೆಲ್ಲ ಯಜಮಾನರು. ಇನ್ನೂರ ಹತ್ತು ಡೋಲುಗಳು ಒಟ್ಟಿಗೆ ಬಡಿಯುವಾಗ, ಹಿಂದಿನ ಸಾಲಿನ ಎಡಗಡೆಯವನು ಬೆಳಿಗ್ಗೆ ಕಾಫಿ ಕುಡಿದಿಲ್ಲ ಎಂದು ಕಿವಿಯಲ್ಲೇ ಕಂಡುಹಿಡಿಯುತ್ತಿದ್ದರು. ಬಿಳಿ ಲಿನನ್ ಸೂಟು, ಕಪ್ಪು ಬಿಳಿ ಎರಡು ಬಣ್ಣದ ಬೂಟು, ತುಸು ವಾರೆಯಾಗಿ ಇಟ್ಟ ಹ್ಯಾಟು. ಮಳೆ ಅವರ ಮೇಲೆ ಬೀಳುವ ಮೊದಲು ಕೇಳಿಕೊಂಡು ಬೀಳುತ್ತಿತ್ತು.

ಅವರು ಡಾಮಿನೊ ಬಿಲ್ಲೆಯೊಂದನ್ನು ಮೇಜಿನ ಮೇಲೆ ಕುಟ್ಟಿದರು. "ಕಾರ್ನಿವಲ್‌ಗೆ ಐದು ವಾರ. ಭಾನುವಾರ ಕ್ಲಬ್ಬಿನ ಹಾಲು ಮೇಳದ ತಾಲೀಮಿಗೆ ಬೇಕು ಅಳಿಯಂದ್ರೇ. ಈ ವರ್ಷ ಮಾತ್ರ ಅಲ್ಲ, ಇನ್ನು ಮೇಲೆ ಯಾವಾಗ್ಲೂ. ಕಮಿಟಿಯವರು ತೀರ್ಮಾನ ನನಗೇ ಬಿಟ್ಟಿದಾರೆ. ನಿಮ್ಮ ಪೆಟ್ಟಿಗೆ ಎತ್ಕೊಂಡು ಹೊರಡಿ."

"ಮಾವ, ಆರುನೂರು ಜನ ಬರ್ತಾರೆ. ಅವರೆಲ್ಲ ಎಲ್ಲಿಗೆ ಹೋಗ್ಬೇಕು?"

"ಕ್ಷೌರದಂಗಡಿಗೆ."

ಜಗಲಿಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಬೆಲ್ಮೀರೊ ನಗಲಿಲ್ಲ.

"ನಮ್ಮಪ್ಪನ ಡೋಲು ಕೇಳಿ ಬೆಳೆದ ಮಕ್ಕಳು," ಮೇಷ್ಟ್ರು ಮುಂದುವರಿಸಿದರು, "ರೆಕಾರ್ಡಲ್ಲಿ ಅಮೆರಿಕದವನು ಒಂದು ಸಲ ಕಿರುಚಿದ್ರೆ ಪಿತ್ತ ಕೆರಳಿದೋರ ಹಾಗೆ ಕುಣೀತಾರೆ. ಅದು ಸಂಗೀತದ ಮಹಿಮೆ ಅಲ್ಲಪ್ಪ, ಹಿಮ್ಮಡಿ ಎತ್ತರದ್ದು. ಬೀಳ್ದೇ ನಿಲ್ಲೋಕೆ ಒದ್ದಾಡ್ತಾರೆ, ನೀವು ಅದನ್ನ ಡ್ಯಾನ್ಸು ಅಂತೀರಿ."

ಬೆಲ್ಮೀರೊಗೆ ಆಗ ಎಲ್ಲಿಂದ ಧೈರ್ಯ ಬಂತೋ ಕಾಣೆ. "ನನ್ ಹತ್ರ ಒಂದು ರೆಕಾರ್ಡಿದೆ ಮಾವ. ಅಮೆರಿಕದ್ದಲ್ಲ. ಭಾನುವಾರ ಬಂದು ಹಾಲಿನ ಮಧ್ಯ ಕುರ್ಚಿ ಹಾಕ್ಕೊಂಡು ಕೂತ್ಕೊಳ್ಳಿ. ಅದನ್ನ ಕೇಳಿ ನಿಮ್ಮ ಕಾಲು ಅಲುಗದೇ ಹೋದ್ರೆ ಎಂಟೂ ಪೆಟ್ಟಿಗೆ ಒಡೆದು ಕೋಳಿಗೂಡು ಮಾಡ್ಕೊಡ್ತೀನಿ."

"ಯಾವ ಕಾಲು?"

"ಯಾವುದಾದ್ರೂ ಒಂದು."

ಮೇಷ್ಟ್ರು ತಮ್ಮ ಎರಡೂ ಬೂಟುಗಳನ್ನು ಹೊಸದಾಗಿ ಕಂಡವರಂತೆ ನೋಡಿಕೊಂಡರು. ಆಮೇಲೆ ಕೈ ಚಾಚಿದರು. ಮೂರರಿಂದ ಆರರವರೆಗೆ, ಪ್ರಾರ್ಥನಾ ಮಂದಿರದ ಆರು ಗಂಟೆಯ ಗಂಟೆ ಬಾರಿಸಿದರೆ ಮುಗಿಯಿತು ಎಂದು ಮಾತಾಯಿತು.

ಆ ರೆಕಾರ್ಡಿನ ವಿಷಯ ಈಗ ಹೇಳಬೇಕು. ಮದುರೇರಾ ಪೇಟೆಯ ಒಂದು ರೆಕಾರ್ಡು ಅಂಗಡಿಯ ಬಾಗಿಲಲ್ಲಿ, ಯಾರೂ ಕೊಳ್ಳದ ಎಲ್ಪಿಗಳನ್ನು ಬಾಳೆಹಣ್ಣಿನ ಹಾಗೆ ಗುಡ್ಡೆ ಹಾಕಿದ್ದರು. ಅದರಲ್ಲಿ ಸಿಕ್ಕಿದ್ದು. ಸಾಂಬಾದ ಕಪಾಟಿನಲ್ಲಿಟ್ಟರೆ ಸಾಂಬಾದವರು ಇದು ಅಮೆರಿಕದ ಸೋಲ್ ಸಂಗೀತ ಎಂದು ಆಚೆ ತಳ್ಳುತ್ತಿದ್ದರಂತೆ. ಸೋಲ್ ಕಪಾಟಿನಲ್ಲಿಟ್ಟರೆ ಇವರು ಇದು ಸಾಂಬಾ ಎಂದು ಈಚೆ ತಳ್ಳುತ್ತಿದ್ದರಂತೆ. ಹೀಗೆ ತಳ್ಳಿಸಿಕೊಂಡು ಬೀದಿಗೆ ಬಿದ್ದಿತ್ತು. ಬೆಲ್ಮೀರೊ ಅದನ್ನು ಮನೆಗೆ ತಂದು ಮುಳ್ಳು ಇಟ್ಟ. ಮೊದಲು ಬಂದದ್ದು ದಪ್ಪ ತಂತಿಯ ಗಿಟಾರು, ಊಟವಾದ ಮೇಲೆ ಓಣಿಯಲ್ಲಿ ಅಡ್ಡಾಡುವವನ ನಡಿಗೆಯಲ್ಲಿ. ಆಮೇಲೆ ತುತ್ತೂರಿಗಳು, ಅವನನ್ನು ಕಿಟಕಿಯಿಂದ ಚುಡಾಯಿಸುವ ಹೆಂಗಸರ ಹಾಗೆ. ಅಷ್ಟರವರೆಗೆ ಎಲ್ಲ ಅಮೆರಿಕದ ಕಡೆಯದೇ. ಅಷ್ಟರಲ್ಲಿ ಹಿಂದಿನಿಂದ ಒಂದು ತಾಂಬೊರಿಂ. ಅಂಗೈಯಗಲದ ನಮ್ಮ ಆ ಪುಟ್ಟ ತಮಟೆ, ಟಿಕಿಟಿ ಟಿಕ್ ಎಂದು ಬಾಗಿಲು ತಟ್ಟದೆ ಒಳಗೆ ಬಂದು ಮನೆ ಯಜಮಾನನ ಕುರ್ಚಿಯಲ್ಲಿ ಕೂತುಬಿಟ್ಟಿತು. ಸೊಂಟದ ಮೇಲಿನ ಭಾಗ ಒಂದು ಕಡೆಗೆ, ಕೆಳಗಿನ ಭಾಗ ಇನ್ನೊಂದು ಕಡೆಗೆ ಹೊರಟವು. ಬೆಲ್ಮೀರೊ ಅಂದು ಬಚ್ಚಲಿಗೆ ಹೋದದ್ದೂ ಆ ತಾಳದಲ್ಲೇ. ಅವನು ಕಾರ್ಖಾನೆಯವನೂ ಹೌದು, ಭಾನುವಾರದವನೂ ಹೌದು. ಮೇಷ್ಟ್ರ ಅಳಿಯನೂ ಹೌದು, ಗೇಣು ಹಿಮ್ಮಡಿಯವನೂ ಹೌದು. ಅವನನ್ನು ಎರಡು ಕಪಾಟಿನಿಂದಲೂ ಆಚೆ ಹಾಕದ ವಸ್ತು ಪ್ರಪಂಚದಲ್ಲಿ ಇದೊಂದೇ ಇತ್ತು.

ಇಂಥದ್ದು ಕೈಗೆ ಸಿಕ್ಕಾಗ ನಮ್ಮ ಕಡೆಯ ರೆಕಾರ್ಡಿನವರು ಮಾಡುವ ಮೊದಲ ಕೆಲಸ ಅದರ ನಡುವಿನ ಹೆಸರಿನ ಚೀಟಿ ಕೀಳುವುದು. ಎದುರು ತಂಡದವರು ನೃತ್ಯದ ನೆಪದಲ್ಲಿ ಬಂದು, ತಿರುಗುಮಣೆಯ ಹತ್ತಿರ ಬಗ್ಗಿ, ಹಾಡಿನ ಹೆಸರು ಓದಿಕೊಂಡು ಮುಂದಿನ ವಾರ ತಾವೇ ಹಾಕಿಬಿಡುತ್ತಾರೆ. ತೂಫಾನು ತಂಡದ ಓಸ್ಮಾರ್‌ಗಂತೂ ತಿರುಗುತ್ತಿರುವ ರೆಕಾರ್ಡಿನ ಮೇಲಿನ ಅಕ್ಷರ ಓದುವ ಕಣ್ಣಿತ್ತು; ಹಾಗೆ ಓದಿ ಓದಿ ಅವನ ಕಣ್ಣುಗುಡ್ಡೆ ನಿಮಿಷಕ್ಕೆ ಮೂವತ್ತಮೂರು ಸುತ್ತು ತಿರುಗುವುದನ್ನು ನಾನೇ ನೋಡಿದ್ದೇನೆ. ಬೆಲ್ಮೀರೊ ಚೀಟಿಯನ್ನು ಬೋಗುಣಿಯ ನೀರಿನಲ್ಲಿ ನೆನೆಸಿ ಕಿತ್ತ. ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಬೋಳು ರೆಕಾರ್ಡು ಕಂಡರೆ ಓಸ್ಮಾರ್‌ಗೆ ಆಸೆ ಹೆಚ್ಚಾಗುತ್ತದೆ ಎಂದು, ಮದುವೆಗೆ ಅತ್ತೆ ಉಡುಗೊರೆ ಕೊಟ್ಟಿದ್ದ 'ಸಂತ ಸೆಬಾಸ್ಟಿಯನ್ನರ ನವದಿನ ಪ್ರಾರ್ಥನೆ, ಕನ್ಯಾಸ್ತ್ರೀಯರ ಗಾಯನ' ಎಂಬ ಎಲ್ಪಿಯ ಚೀಟಿಯನ್ನೂ ನೆನೆಸಿ ಕಿತ್ತು ಇದಕ್ಕೆ ಅಂಟಿಸಿದ. ಬೋಳಾದ ಕನ್ಯಾಸ್ತ್ರೀಯರನ್ನು ಬೀರುವಿನ ಹಿಂದೆ ಸಿಕ್ಕಿಸಿದ. ಹೆಂಡತಿ ದಿರ್ಸೆಗೂ ಹೇಳಲಿಲ್ಲ. ಅವಳ ಜಡೆ ಹೆಣೆಯುವವಳು ಓಸ್ಮಾರನ ತಂಗಿ.

ಭಾನುವಾರ ಮೂರು ಗಂಟೆಗೆ ಮೇಷ್ಟ್ರು ಬಂದು ಹಾಲಿನ ನಟ್ಟನಡುವೆ ಕುರ್ಚಿ ಹಾಕಿಸಿಕೊಂಡು ಕೂತರು. ಹೊರಗೆ ಬಿಸಿಲು ಹೇಗಿತ್ತೆಂದರೆ ನಾಯಿಗಳು ತಮ್ಮ ನೆರಳನ್ನು ಮನೆಯಲ್ಲೇ ಬಿಟ್ಟು ಬಂದಿದ್ದವು. ಮೇಷ್ಟ್ರು ಜೇಬಿನಿಂದ ಎರಡು ಡಾಮಿನೊ ಬಿಲ್ಲೆ ತೆಗೆದು, ಬಲ ಬೂಟಿನ ಮೂತಿಯ ಮೇಲೆ ಆರಾರು ಚುಕ್ಕಿಯ ಜೋಡಿ ಆರು, ಎಡಗಡೆಯದರ ಮೇಲೆ ಚುಕ್ಕಿಯೇ ಇಲ್ಲದ ಜೋಡಿ ಖಾಲಿ, ಎರಡನ್ನೂ ಚಪ್ಪಟೆಯಾಗಿ ಇಟ್ಟುಕೊಂಡರು.

"ಬಿಲ್ಲೆ ಬಿದ್ರೆ ಕಾಲು ಅಲುಗಿತು ಅಂತ ಲೆಕ್ಕ. ಬೀಳ್ಲಿಲ್ಲ ಅಂದ್ರೆ ಇಲ್ಲ. ನೋಡೋರು ಯಾರು?"

ನೋಡುವವರು ಇರಸೇಮಮ್ಮ. ಕ್ಲಬ್ಬಿನ ಅಡುಗೆಮನೆ ಅವರದು. ಅಧ್ಯಕ್ಷರನ್ನು ಸೌಟು ಹಿಡಿದು ಅಟ್ಟಿದ ಹೆಂಗಸು. ಕಪ್ಪು ಹುರುಳಿಯ ಪಾತ್ರೆಯನ್ನು ಉರಿ ತಗ್ಗಿಸಿ ಬಿಟ್ಟು, ಮೇಷ್ಟ್ರ ಕಾಲಿನ ಮುಂದೆ ಮಣೆ ಹಾಕಿ, ಬೀಸಣಿಗೆ ಹಿಡಿದು ಕೂತರು. "ನಾನು ರೆಪ್ಪೆ ಬಡಿಯೋಲ್ಲ. ನೀವು ಮೋಸ ಮಾಡೋ ಹಾಗಿದ್ರೆ ಈಗ್ಲೇ ಮಾಡ್ಬಿಡಿ."

ಆಟ ಶುರುವಾಯಿತು. ಆರುನೂರು ಜನ ಮೇಷ್ಟ್ರ ಸುತ್ತ ದೊಡ್ಡ ಸುತ್ತು ಕಟ್ಟಿ ಕುಣಿದರು. ಪೆಟ್ಟಿಗೆಗಳ ಗುಡುಗಿಗೆ ತಾರಸಿಯ ಸುಣ್ಣ ಹಿಟ್ಟಿನ ಹಾಗೆ ಉದುರಿತು. ಮೇಷ್ಟ್ರು ಬೆವರಲೂ ಇಲ್ಲ. ಬೆಲ್ಮೀರೊ ಒಳ್ಳೊಳ್ಳೆಯ ಅಮೆರಿಕದ ರೆಕಾರ್ಡು ತಟ್ಟೆಗಳನ್ನೆಲ್ಲ ಒಂದರ ಮೇಲೊಂದು ಹಚ್ಚಿದ. ಕ್ಲಬ್ಬಿನ ಗೋಡೆಯ ಮೇಲಿನ ಹಲ್ಲಿ ಕುಣಿಯಿತು. ಬಿಲ್ಲೆಗಳು ಬೂಟಿನ ಮೇಲೆ ಗೋರಿಯ ಕಲ್ಲಿನಂತೆ ಮಲಗಿದ್ದವು. ತನ್ನ ಬ್ರಹ್ಮಾಸ್ತ್ರವನ್ನು ಅವನು ಐದು ಗಂಟೆಗೆಂದು ಕಾದಿಟ್ಟಿದ್ದ. ಜನ ಕಾದು, ಹಾಲಿನ ಗೋಡೆ ಕಾದು, ಮುದುಕರ ಕೀಲೂ ಸ್ವಲ್ಪ ಸಡಿಲವಾಗಿರುವ ಹೊತ್ತು.

ಐದು ಗಂಟೆಗೆ ಬೆರಳೆತ್ತಿದ. ಆರುನೂರು ಜನ ನಿಂತರು. ಓಸ್ಮಾರ್ ತಿರುಗುಮಣೆಯ ಕಡೆ ಕತ್ತು ಚಾಚಿದ. ಬೆಲ್ಮೀರೊ ಮಾವನ ಬೂಟಿನ ಮೇಲಿಟ್ಟ ಕಣ್ಣು ತೆಗೆಯದೆಯೇ ಹೊದಿಕೆಯಿಂದ ರೆಕಾರ್ಡು ಎಳೆದು ಮಣೆಯ ಮೇಲಿಟ್ಟು ಮುಳ್ಳು ಇಳಿಸಿದ.

ಎಂಟು ಪೆಟ್ಟಿಗೆಗಳಿಂದ ನಲವತ್ತು ಜನ ಕನ್ಯಾಸ್ತ್ರೀಯರು ಹಾಡಿದರು.

ಅಷ್ಟು ಜೋರಾಗಿ ಯಾವ ಕನ್ಯಾಸ್ತ್ರೀಯರೂ ಭೂಮಿಯ ಮೇಲೆ ಹಾಡಿದ್ದಿಲ್ಲ. ಸಂತರು ತಾವಿದ್ದಲ್ಲೇ ಕಿವಿ ಮುಚ್ಚಿಕೊಂಡಿರಬೇಕು. ಬುಟ್ಟಿಗೂದಲಿನ ಹುಡುಗನೊಬ್ಬ ತಲೆಯ ಮೇಲಿದ್ದ ಟೋಪಿ ತೆಗೆದ. ಯಾರೋ ಶಿಲುಬೆಯ ಗುರುತು ಮಾಡಿಕೊಂಡರು. ಮೇಷ್ಟ್ರೋ, ಅರವತ್ತೆಂಟು ವರ್ಷದ ಅಭ್ಯಾಸ, ಪ್ರಾರ್ಥನೆ ಕೇಳುತ್ತಲೇ ಎದ್ದು ನಿಲ್ಲಲು ಕುರ್ಚಿಯ ಕೈ ಹಿಡಿದರು. ಬಲ ಬೂಟಿನ ಮೇಲಿನ ಜೋಡಿ ಆರು ಕೂದಲೆಳೆಯಷ್ಟು ಜಾರಿತು. ಆದರೆ ಮೇಷ್ಟ್ರು ಅರ್ಧಕ್ಕೆ ನಿಂತು, ಮೆಲ್ಲಗೆ ಕೂತು, ಹ್ಯಾಟು ಮಾತ್ರ ಎದೆಗೆ ಒತ್ತಿಕೊಂಡರು.

"ಬಿತ್ತೇನಮ್ಮ?" ಯಾರೋ ಕೂಗಿದರು.

"ಬಿದ್ದಿಲ್ಲ," ಎಂದರು ಇರಸೇಮಮ್ಮ. "ದೇವರ ಹೆಸರಲ್ಲಿ ಬೀಳ್ಸೋದು ಆಟ ಅಲ್ಲ ಬೆಲ್ಮೀರೊ, ಪಾಪ."

ಬೆಲ್ಮೀರೊ ಮುಳ್ಳು ಎತ್ತಿದ. ತಟ್ಟೆ ಬೋಳಾಗಿತ್ತು. ಪಕ್ಕದಲ್ಲಿ ನಿಂತಿದ್ದ ದಿರ್ಸೆಯ ಕಡೆ ತಿರುಗಿದ. "ಕನ್ಯಾಸ್ತ್ರೀಯರ ಚೀಟಿ ಇದ್ದದ್ದು ಎಲ್ಲಿ?"

"ಅದಾ? ಅಮ್ಮ ನಿನ್ನೆ ಬಂದು ಕೇಳಿದ್ಲು. ಪ್ರಾರ್ಥನಾ ಮಂದಿರದ ಹೆಂಗಸರಿಗೆ ಈ ಒಂಬತ್ತು ದಿನದ ಪ್ರಾರ್ಥನೆಗೆ ಬೇಕು ಅಂತ. ಅವಳೇ ಕೊಟ್ಟಿದ್ದಲ್ವಾ, ಕೊಟ್ಟೆ. ನಿನ್ನ ಹೊದಿಕೆ ಖಾಲಿ ಆಯ್ತಲ್ಲ ಅಂತ ಬೀರು ಹಿಂದೆ ಬಿದ್ದಿದ್ದ ಬೋಳು ತಟ್ಟೆ ಒರೆಸಿ ಇಟ್ಟೆ." ಅವನ ಮುಖ ನೋಡಿ ಅವಳ ದನಿ ಇಳಿಯಿತು. "ಯಾಕೆ? ಚೀಟಿಯಲ್ಲಿ ಬರೆದದ್ದನ್ನ ಓದಿ ಕೊಟ್ಟೆ ಕಣೋ. ಬರೆದದ್ದನ್ನ ನಂಬಬಾರ್ದು ಅಂತ ನೀನು ಹೇಳಿದ್ಯಾ?"

ಹೇಳಿರಲಿಲ್ಲ. ಓಸ್ಮಾರನ ಕಣ್ಣಿಗೆ ಹಾಕಿದ ಮಣ್ಣು ಸೀದಾ ತನ್ನ ಅನ್ನಕ್ಕೇ ಬಿದ್ದಿತ್ತು. ಬೆಲ್ಮೀರೊ ದಿರ್ಸೆಯನ್ನು ತಿರುಗುಮಣೆಯ ಮುಂದೆ ನಿಲ್ಲಿಸಿದ. "ಯಾವ್ದಾದ್ರೂ ಹಾಕ್ತಾ ಇರು. ಸದ್ದು ನಿಲ್ಬಾರ್ದು," ಎಂದು ಹಿಂಬಾಗಿಲಿನಿಂದ ಹಾರಿದ.

ಪ್ರಾರ್ಥನಾ ಮಂದಿರಕ್ಕೆ ನಾಲ್ಕು ಬೀದಿ. ಗೇಣು ಹಿಮ್ಮಡಿಯ ಬೂಟಿನಲ್ಲಿ ಓಡುವುದೆಂದರೆ ಎರಡು ಏಣಿ ಕಾಲಿಗೆ ಕಟ್ಟಿಕೊಂಡು ಓಡಿದ ಹಾಗೆ. ರೈಲು ಗೇಟು ಮುಚ್ಚಿತ್ತು. ಅವನೇ ಕಳೆದ ವಾರ ಬಾಗಿಲು ಕೂರಿಸಿದ್ದ ಬೋಗಿಗಳು ಒಂದೊಂದಾಗಿ, ಗುರುತು ಸಿಕ್ಕಿತು ಎಂಬಂತೆ ನಿಧಾನವಾಗಿ ಹೋದವು. ಹನ್ನೆರಡು ಬೋಗಿ. ಅವನು ಎಲ್ಲವನ್ನೂ ಬೈದ. ಬೂಟುಗಳನ್ನು ಕಳಚಿ ಕಂಕುಳಲ್ಲಿ ಸಿಕ್ಕಿಸಿಕೊಂಡು ಕಾಲ್ಚೀಲದಲ್ಲೇ ಓಡಿದ.

ಮೂಲೆ ತಿರುಗುವಾಗಲೇ ಅವನಿಗೆ ಕೇಳಿಸಿತು: ದಪ್ಪ ತಂತಿಯ ಗಿಟಾರು, ಊಟವಾದವನ ನಡಿಗೆಯಲ್ಲಿ.

ಮಂದಿರದ ಪಕ್ಕದ ಕೋಣೆಯಲ್ಲಿ ಹನ್ನೊಂದು ಜನ ಹೆಂಗಸರು ಜಪಸರ ಹಿಡಿದು ಕೂತಿದ್ದರು. ನಡುವೆ ಸಣ್ಣ ಪೆಟ್ಟಿಗೆಯಂಥ ರೆಕಾರ್ಡು ಪ್ಲೇಯರು. ಪ್ರಾರ್ಥನೆ ನಡೆಯುತ್ತಲೇ ಇತ್ತು, ಒಂದಕ್ಷರವೂ ತಪ್ಪಿರಲಿಲ್ಲ. ಆದರೆ 'ನಮಗಾಗಿ ಬೇಡಿಕೊಳ್ಳಿರಿ' ಎಂಬಲ್ಲಿ ಹನ್ನೊಂದು ಭುಜಗಳು ಒಟ್ಟಿಗೆ ಎಡಕ್ಕೆ, ಆಮೇಲೆ ಒಟ್ಟಿಗೆ ಬಲಕ್ಕೆ ಹೋಗುತ್ತಿದ್ದವು. ಜಪಸರದ ಮಣಿಗಳು ಅಂಥ ವೇಗದಲ್ಲಿ ಎಂದೂ ಸರಿದಿರಲಿಲ್ಲ. ಒಂಬತ್ತು ದಿನದ ಪ್ರಾರ್ಥನೆ ಒಂದೇ ಸಂಜೆಗೆ ಮುಗಿದು ಮುಂದಿನ ವರ್ಷದ್ದಕ್ಕೆ ಕೈ ಹಾಕಿದ್ದರೋ ಏನೋ.

"ಅತ್ತೆ!" ಬೆಲ್ಮೀರೊ ಏದುಸಿರು ಬಿಟ್ಟ. "ಅದನ್ನ ಕೊಡಿ!"

ಅತ್ತೆ ಅಲ್ಜೀರಮ್ಮ ತುಟಿಯ ಮೇಲೆ ಬೆರಳಿಟ್ಟರು. "ಶ್! ಈ ಭಾಗ ಮುಗೀಲಿ. ಯಾವ ಮಠದವರಪ್ಪ ಈ ಸಿಸ್ಟರುಗಳು? ಎಂಥಾ ಭಕ್ತಿ!"

"ಅವರು ಸಿಸ್ಟರುಗಳಲ್ಲ ಅತ್ತೆ."

"ಗಂಡಸ್ರ ದನಿ ಅಂತ ನಂಗೂ ಅನ್ನಿಸ್ತು. ಚಳಿ ದೇಶದ ಮಠ ಇರ್ಬೇಕು, ಗಂಟಲು ಕಟ್ಟಿದೆ ಅಂದ್ಕೊಂಡೆ."

ಬೆಲ್ಮೀರೊ ನಾಲ್ಕೇ ಮಾತಿನಲ್ಲಿ ಎಲ್ಲ ಹೇಳಿದ. ಪಂಥ, ಪೆಟ್ಟಿಗೆ, ಬೂಟು, ಬಿಲ್ಲೆ. ಅಲ್ಜೀರಮ್ಮನ ಹುಬ್ಬು ಮೇಲೇರಿತು. "ನಂಗೆ ಹೇಳ್ದೆ ಇದೆಲ್ಲ ನಡೀತಿದ್ಯಾ? ನಲವತ್ತು ವರ್ಷ ಆ ಕಾಲಿಗೆ ಕರ್ಪೂರದೆಣ್ಣೆ ತಿಕ್ಕಿರೋಳು ನಾನು. ಅದು ಅಲುಗುತ್ತೋ ಇಲ್ವೋ ಅಂತ ನನ್ನನ್ನಲ್ವಾ ಕೇಳ್ಬೇಕಾದ್ದು?"

"ಅಲುಗುತ್ತಾ ಅತ್ತೆ?"

"ಆ ಮನುಷ್ಯ ಹಟಕ್ಕೆ ಬಿದ್ರೆ ಹಾವು ಹತ್ತಿದ್ರೂ ಅಲುಗಿಸೋಲ್ಲ." ಅವರು ಗೋಡೆಯ ಗಡಿಯಾರ ನೋಡಿದರು. ಐದೂವರೆ. "ಗಂಟೆ ಹೊಡೆಯೋ ರೈಮುಂದೊ ನಮ್ಮವನೇ. ಹತ್ತು ನಿಮಿಷ ತಡವಾಗಿ ಹೊಡಿ ಅಂತ ಹೇಳ್ಲಾ?"

ಬೆಲ್ಮೀರೊ ಮೂರು ಸಲ ಬಾಯಿ ತೆರೆದ. ಮೊದಲ ಎರಡು ಸಲ 'ಹೂಂ' ಎನ್ನುವುದರಲ್ಲಿದ್ದ. "ಬೇಡ ಅತ್ತೆ. ಮೇಷ್ಟ್ರಿಗೆ ಹತ್ತು ನಿಮಿಷ ತಡ ಅಂತ ಕಿವೀಲೇ ಗೊತ್ತಾಗುತ್ತೆ."

ಅಲ್ಜೀರಮ್ಮ ರೆಕಾರ್ಡನ್ನು ಯಾರ ಕೈಗೂ ಕೊಡಲಿಲ್ಲ. ತಲೆಯ ಮೇಲಿನ ಜರತಾರಿ ಮುಸುಕು ತೆಗೆದು ಅದಕ್ಕೆ ಸುತ್ತಿ, ಎದೆಗೆ ಅವುಚಿಕೊಂಡು ಹೊರಟರು. ಹಿಂದೆ ಹತ್ತು ಜನ ಹೆಂಗಸರು, ಅವರ ಹಿಂದೆ ಬೂಟು ಕಂಕುಳಲ್ಲಿಟ್ಟುಕೊಂಡ ಅಳಿಯ. ಅವರನ್ನು ಬೇಗ ನಡೆಯಿರಿ ಎನ್ನುವ ಹಾಗಿಲ್ಲ, ಅವರು ಸಂತರ ಮೆರವಣಿಗೆಯ ನಡಿಗೆಯವರು. ರೈಲು ಗೇಟು ಮತ್ತೆ ಬೀಳತೊಡಗಿತು. ಅಲ್ಜೀರಮ್ಮ ಕೈಯೆತ್ತಿದರು. ಗೇಟಿನವನು ಹನ್ನೊಂದು ಜಪಸರಗಳನ್ನು ನೋಡಿ, ಎಂಜಿನ್ನಿಗೆ ಕೆಂಪು ಬಾವುಟ ತೋರಿಸಿ ನಿಲ್ಲಿಸಿದ. ಆ ರೈಲು ಇವತ್ತಿಗೂ ಹನ್ನೊಂದು ನಿಮಿಷ ತಡವಾಗಿಯೇ ಓಡುತ್ತಿದೆ.

ಹಾಲಿಗೆ ಬಂದಾಗ ಆರಕ್ಕೆ ಹದಿಮೂರು ನಿಮಿಷ. ದಿರ್ಸೆ ಕೈಗೆ ಸಿಕ್ಕಿದ್ದನ್ನೆಲ್ಲ ಹಾಕಿ ಹಾಕಿ, ಕೊನೆಗೆ ಇಂಗ್ಲಿಷು ಕಲಿಸುವ ತಟ್ಟೆಯನ್ನೂ ಹಾಕಿ, 'ಪುಸ್ತಕ ಮೇಜಿನ ಮೇಲಿದೆ' ಎಂಬ ವಾಕ್ಯಕ್ಕೆ ಆರುನೂರು ಜನರನ್ನು ಕುಣಿಸುತ್ತಿದ್ದಳು. ಮೇಷ್ಟ್ರು ಹಾಗೆಯೇ ಕೂತಿದ್ದರು. ಬಿಲ್ಲೆಗಳೂ.

ಅಲ್ಜೀರಮ್ಮ ಮುಸುಕು ಬಿಚ್ಚಿದರು. ಬೆಲ್ಮೀರೊ ರೆಕಾರ್ಡನ್ನು ಮಣೆಯ ಮೇಲಿಟ್ಟ. ಮುಳ್ಳು ಎರಡು ಸಲ ಅಂಚಿಗೆ ಬಿದ್ದು ಕರ್ ಎಂದಿತು. ಮೂರನೆಯ ಸಲ ಕೂತಿತು.

ಗಿಟಾರು ನಡೆದುಬಂತು. ತುತ್ತೂರಿಗಳು ಚುಡಾಯಿಸಿದವು. ಆರುನೂರು ಜನ ಒಂದು ಕ್ಷಣ ಪಾದ ಎಲ್ಲಿಡಬೇಕು ಎಂದು ತಿಳಿಯದೆ ತಡವರಿಸಿದರು. ಟಿಕಿಟಿ ಟಿಕ್ ಎಂದು ತಾಂಬೊರಿಂ ಒಳಗೆ ಬಂದದ್ದೇ, ಅವರ ಅಜ್ಜಂದಿರು ಮೂಳೆಯಲ್ಲಿ ಬಿಟ್ಟು ಹೋಗಿದ್ದೇನೋ ಎದ್ದು, ಗೇಣು ಹಿಮ್ಮಡಿಗಳೆಲ್ಲ ಸಾಂಬಾದ ಚಿಕ್ಕ ಚಿಕ್ಕ ಹೆಜ್ಜೆ ತುಳಿಯತೊಡಗಿದವು. ಬಾಗಿಲಲ್ಲಿ ಮೇಳದ ಮುದುಕರು ಗುಂಪಾಗಿ ನಿಂತು ನೋಡುತ್ತಿದ್ದರು. ಅವರ ಮೊಣಕಾಲುಗಳು ಯಜಮಾನರ ಅಪ್ಪಣೆಗೆ ಕಾಯಲಿಲ್ಲ. ಹತ್ತು ಜನ ಹೆಂಗಸರು ಜಪಸರ ಕತ್ತಿಗೆ ಹಾಕಿಕೊಂಡು ನಡುವಿಗೆ ಇಳಿದೇಬಿಟ್ಟರು. ಹುರುಳಿಯ ಪಾತ್ರೆಯ ಮುಚ್ಚಳ ಅಡುಗೆಮನೆಯಲ್ಲಿ ತಾಳ ಹಾಕುವುದು ಇಲ್ಲಿಗೆ ಕೇಳಿಸುತ್ತಿತ್ತು. ಅಲುಗದೆ ಇದ್ದವು ಎರಡೇ: ಇರಸೇಮಮ್ಮನ ರೆಪ್ಪೆ, ಮೇಷ್ಟ್ರ ಬೂಟು.

ಬೆಲ್ಮೀರೊ ಮಾವನ ಮುಖವನ್ನೇ ನೋಡಿದ. ಆ ಮುಖದಲ್ಲಿ ಸಿಟ್ಟು ಇರಲಿಲ್ಲ. ಕತ್ತು ಒಂದು ಕಡೆಗೆ ವಾಲಿತ್ತು. ಹಣೆಯ ನಡುವೆ ಮೊಳೆ ಹೊಡೆದಂತೆ ಗಂಟು. ಹಿಂದಿನ ಸಾಲಿನ ಎಡಗಡೆಯವನು ಕಾಫಿ ಕುಡಿದಿಲ್ಲ ಎಂದು ತಿಳಿದಾಗಿನ ಮುಖ.

ಮೊದಲ ಹಾಡು ಮುಗಿಯಿತು. ಎರಡನೆಯದು ಬಂತು. ಮೇಷ್ಟ್ರು ಕುರ್ಚಿಯ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದರು. ಆರಕ್ಕೆ ಎರಡು ನಿಮಿಷ. ಒಂದು ನಿಮಿಷ.

ಢಣ್.

ರೈಮುಂದೊ ಒಂದು ಕ್ಷಣವೂ ತಡ ಮಾಡಲಿಲ್ಲ. ಬೆಲ್ಮೀರೊ ಮುಳ್ಳು ಎತ್ತಿದ. ಆರೂ ಹೊಡೆತ ಬಿದ್ದವು. ಇರಸೇಮಮ್ಮ ಮೂರು ಗಂಟೆ ಹೊತ್ತಿನಲ್ಲಿ ಮೊದಲ ಸಲ ರೆಪ್ಪೆ ಬಡಿದರು. ಆ ಸದ್ದು ಕೇಳಿಸಿತು ಎಂದು ಹೇಳುವವರಿದ್ದಾರೆ.

"ಬಿದ್ದಿಲ್ಲ," ಎಂದರು. "ಎರಡೂ ಬಿದ್ದಿಲ್ಲ ಕಣಪ್ಪ ಬೆಲ್ಮೀರೊ. ಮೇಷ್ಟ್ರೇ ಗೆದ್ರು."

ಯಾರೂ ಚಪ್ಪಾಳೆ ತಟ್ಟಲಿಲ್ಲ, ಮೇಳದ ಮುದುಕರೂ. ಬೆಲ್ಮೀರೊ ಬಗ್ಗಿ ಮೊದಲ ಪೆಟ್ಟಿಗೆಯ ತಂತಿ ಕಿತ್ತ. ಎರಡನೆಯದಕ್ಕೆ ಕೈ ಹಾಕಿದ. ಮೂರು ವರ್ಷ ಹೆಗಲ ಮೇಲೆ ಹೊತ್ತ ಹಲಗೆಗಳು. ಅದರಲ್ಲೊಂದರ ಮೇಲೆ ಯಾರೋ ಪ್ರಯಾಣಿಕ ಚಾಕುವಿನಲ್ಲಿ ಕೆತ್ತಿದ್ದ ಹೆಸರೊಂದು ಇನ್ನೂ ಇತ್ತು.

"ಲೇಟು," ಎಂದರು ಮೇಷ್ಟ್ರು.

ಎಲ್ಲರೂ ತಿರುಗಿದರು.

"ಎರಡ್ನೇ ಹಾಡು. ತಾಂಬೊರಿಂ ಬಾರಿಸೋನು ಲೇಟಾಗಿ ಬರ್ತಾನೆ. ಇನ್ನೊಂಚೂರು ಬೇಗ ಬಂದ್ರೆ ಸರಿ, ಇನ್ನೊಂಚೂರು ತಡ ಆದ್ರೂ ಸರಿ. ಆ ಬಡ್ಡಿಮಗ ಎರಡರ ಮಧ್ಯ ಬಂದು ಕೂರ್ತಾನೆ. ಯಾರವನು? ಯಾವ ಮೇಳದವನು?"

"ಗೊತ್ತಿಲ್ಲ ಮಾವ. ತಪ್ಪು ಬಾರಿಸಿದಾನಾ?"

"ತಪ್ಪೇ. ನಲವತ್ತು ವರ್ಷದಲ್ಲಿ ನನ್ನ ಹುಡುಗ್ರಲ್ಲಿ ಯಾರಾದ್ರೂ ಹೀಗೆ ಬಾರ್ಸಿದ್ರೆ ಬೆರಳು ಮುರೀತಿದ್ದೆ." ಮೇಷ್ಟ್ರು ತುಟಿ ಕಚ್ಚಿದರು. "ಪ್ರತೀ ಸಲಾನೂ ಅದೇ ಜಾಗದಲ್ಲಿ ತಪ್ತಾನಾ?"

"ಪ್ರತೀ ಸಲಾನೂ."

"ಹಾಕು ನೋಡೋಣ."

"ಗಂಟೆ ಹೊಡೀತಲ್ಲ ಮಾವ."

"ಗಂಟೆ ಹೊಡೆದದ್ದು ನನ್ನ ಕಾಲಿಗೆ. ಕಿವಿಗಲ್ಲ. ಹಾಕು ಅಂದೆ."

ಬೆಲ್ಮೀರೊ ಕಿತ್ತ ತಂತಿಯನ್ನು ಸಿಕ್ಕಿಸಿ ಎರಡನೆಯ ಹಾಡು ಹಾಕಿದ. ಆ ಜಾಗ ಬಂದಾಗ ಮೇಷ್ಟ್ರು, "ಇಲ್ಲಿ! ಇಲ್ಲಿ ನೋಡು!" ಎಂದು ಕುರ್ಚಿಯಿಂದ ಜಿಗಿದೆದ್ದರು. ಜೋಡಿ ಆರು ನೆಲಕ್ಕೆ ಬಿದ್ದು ಕಟಕ್ ಎಂದಿತು. ಅದನ್ನು ಈಗ ನೋಡುವವರು ಯಾರೂ ಇರಲಿಲ್ಲ. ಇರಸೇಮಮ್ಮ ಹುರುಳಿ ತಳ ಹಿಡಿಯಿತೆಂದು ಓಡಿದ್ದರು. ಮೇಷ್ಟ್ರು ಪೆಟ್ಟಿಗೆಗೆ ಕಿವಿ ಅಂಟಿಸಿ ನಿಂತರು. "ಇನ್ನೊಂದು ಸಲ," ಎಂದರು. ಮತ್ತೆ, "ಇನ್ನೊಂದು ಸಲ." ಏಳನೆಯ ಸಲ ಹ್ಯಾಟಿನ ಮೇಲೆ ಬೆರಳಿನಿಂದ ಬಾರಿಸಿ ನೋಡಿದರು. ಬರಲಿಲ್ಲ. ಬೇಗ ಆಯಿತು. ಆಮೇಲೆ ತಡ ಆಯಿತು. ಅಲ್ಜೀರಮ್ಮ ಬಾಗಿಲ ಹತ್ತಿರದಿಂದ, "ಭಕ್ತಿ ಸಾಲ್ದು ರೀ," ಎಂದು ಕೂಗಿದರು.

ಮೇಷ್ಟ್ರು ಬೆವರು ಒರೆಸಿಕೊಂಡು ಅಳಿಯನ ಕಡೆ ತಿರುಗಿದರು. "ಪಂಥ ನಾನು ಗೆದ್ದಿದೀನಿ. ಅದರಲ್ಲಿ ಮಾತಿಲ್ಲ. ಆದ್ರೆ ಇವನು ಎಲ್ಲಿ ತಪ್ತಾನೆ ಅಂತ ಸಿಗೋವರೆಗೂ ಆ ಪೆಟ್ಟಿಗೆ ಮುಟ್ಬೇಡ. ಬರೋ ಭಾನುವಾರ ನನ್ನ ತಾಂಬೊರಿಂನೋರನ್ನ ಎಲ್ಲ ಕರ್ಕೊಂಡು ಬರ್ತೀನಿ. ಮೂರಕ್ಕೆ. ಹಾಲು ತೆರೆದಿರ್ಲಿ."

ಹುಡುಕಾಟ ಹನ್ನೊಂದು ವರ್ಷ ನಡೆಯಿತು. ಭಾನುವಾರ ಮೂರಕ್ಕೆ ಮೇಳದವರು ಬರುತ್ತಿದ್ದರು, ಗೇಣು ಹಿಮ್ಮಡಿಯವರೂ ಬರುತ್ತಿದ್ದರು. ತಪ್ಪು ಹುಡುಕುವ ನೆಪದಲ್ಲಿ ಇಬ್ಬರೂ ಕುಣಿಯುತ್ತಿದ್ದರು. ರೆಕಾರ್ಡು ಸವೆದು ಸವೆದು ಕೊನೆಗೆ ಆಚೆ ಬದಿಯ ಹಾಡು ಈಚೆ ಬದಿಗೆ ಕಾಣಿಸುವಷ್ಟು ತೆಳ್ಳಗಾಯಿತು. ಕಾರ್ಖಾನೆಯಲ್ಲಿ ಮೇಸ್ತ್ರಿಯೊಬ್ಬ ಒಂದು ಸೋಮವಾರ, "ಏಯ್ ಬೆಲ್ಮೀರೊ, ನಿಮ್ಮ ಮಾವನಿಗೆ ಸಿಕ್ತೇನಯ್ಯ?" ಎಂದು ಕೇಳಿದ. ಹೆಸರು ಹಿಡಿದು ಕರೆದನಲ್ಲ ಎಂದು ಬೆಲ್ಮೀರೊಗೆ ಅರ್ಥವಾಗುವಷ್ಟರಲ್ಲಿ ಆ ಮನುಷ್ಯ ಮುಂದಿನ ಬೋಗಿಗೆ ಹೋಗಿದ್ದ.

ಮೇಷ್ಟ್ರು ಮಾತ್ರ ತಾವು ಸೋತೆವು ಎಂದು ಎಂದೂ ಒಪ್ಪಲಿಲ್ಲ. ಅಂದು ಮನೆಗೆ ಹೋಗಿ ಬೂಟು ಕಳಚಲು ಬಗ್ಗಿದಾಗ ಎಡಗಾಲಿನ ಮೇಲಿನ ಜೋಡಿ ಖಾಲಿ ಇನ್ನೂ ಅಲ್ಲೇ ಇತ್ತಂತೆ. ಎದ್ದು, ನಿಂತು, ನಾಲ್ಕು ಬೀದಿ ನಡೆದರೂ ಬಿದ್ದಿರಲಿಲ್ಲವಂತೆ. ಇದಕ್ಕೆ ಸಾಕ್ಷಿ ಅಲ್ಜೀರಮ್ಮ. ಅವರು ಸುಳ್ಳು ಹೇಳುವ ಹೆಂಗಸಲ್ಲ.

ಆ ರೆಕಾರ್ಡು ಯಾರದು, ಹೆಸರೇನು ಎಂದು ನಾನು ಬೆಲ್ಮೀರೊನನ್ನು ಈ ನಲವತ್ತು ವರ್ಷಗಳಲ್ಲಿ ನಾನೂರು ಸಲ ಕೇಳಿದ್ದೇನೆ. ಓಸ್ಮಾರ್ ತೀರಿಕೊಂಡ ಮೇಲೂ ಕೇಳಿದೆ. ಅವನು ಅತ್ತಿತ್ತ ನೋಡುತ್ತಾನೆ, ಹತ್ತಿರ ಬರುತ್ತಾನೆ, ಕಿವಿಯಲ್ಲಿ ಹೇಳುತ್ತಾನೆ:

"ಕನ್ಯಾಸ್ತ್ರೀಯರದು."